ಮುತ್ಯಾನ ಇನ್ಸುಲಿನ್ ಬೆಕ್ಕಿಗೆ ಆದೀತೇ?

ಯಾದಗಿರಿ ಸೀಮೆಯ ಸೈದಾಪುರದಂಥ ಊರಲ್ಲಿ ಶುಗರ್ ಮಷಿನ್ನಾಗಲಿ ಇನ್ಸುಲಿನ್ ಬಾಟಲಿಯಾಗಲಿ ಈಗ ಯಾರಿಗೂ ಹೊಸತಲ್ಲ. ಮುತ್ಯಾನಿಗೆ ಬೆಳಿಗ್ಗೆ ಸೂಜಿ ಮಾಡಿ ಮೊಮ್ಮಗಳು ರಾಯಚೂರಿನ ರೈಲು ಹಿಡಿಯುವ ಮನೆಗಳಿವೆ. ಅಂಥ ಮನೆಯ ಬೆಕ್ಕಿಗೂ ಸಕ್ಕರೆ ಕಾಯಿಲೆ ಎಂದು ಪಶುವೈದ್ಯರು ಹೇಳಿದರೆ ಎರಡು ಪ್ರಶ್ನೆ ಏಳುವುದು ಸಹಜ. ಬೆಕ್ಕಿಗೂ ಶುಗರ್ ಬರುತ್ತದೆಯೇ? ಬರುವುದಾದರೆ ಮುತ್ಯಾನ ಔಷಧಿಯಲ್ಲೇ ಒಂಚೂರು ಕೊಟ್ಟರೆ ಸಾಲದೇ? ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ಉತ್ತರ ಅಷ್ಟು ಸಲೀಸಲ್ಲ. ಮನುಷ್ಯರ ಮಧುಮೇಹದಿಂದ ನಮ್ಮ ಮನೆಗಳು ಕಲಿತ ಅರ್ಧ ವಿದ್ಯೆ ಬೆಕ್ಕಿನ ಜೀವ ಉಳಿಸುತ್ತದೆ, ಉಳಿದರ್ಧವನ್ನು ಹಾಗೇ ಬಳಸಿದರೆ ಜೀವಕ್ಕೇ ಅಪಾಯ. ಯಾವ ಅರ್ಧ ಯಾವುದು ಎಂಬುದನ್ನು ಇನ್ಸುಲಿನ್ ಶುರುಮಾಡುವ ಮೊದಲೇ ತಿಳಿದಿರಬೇಕು.

ಬೆಕ್ಕಿನ ಮಧುಮೇಹ ಬಹುಪಾಲು ನಮ್ಮ ಎರಡನೇ ಬಗೆಯ ಮಧುಮೇಹವನ್ನೇ ಹೋಲುತ್ತದೆ. ಮೈಗೆ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಅದನ್ನು ಸರಿದೂಗಿಸಲು ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ಹೆಚ್ಚು ದುಡಿದು ಬಳಲುತ್ತವೆ, ಅವುಗಳ ನಡುವೆ ಅಮೈಲಾಯ್ಡ್ ಎಂಬ ಪ್ರೋಟೀನು ಕೂಡುತ್ತಾ ಹೋಗುತ್ತದೆ. ನಾಯಿಗಳಲ್ಲಿ ಸಾಮಾನ್ಯವಾಗಿ ಈ ಕೋಶಗಳು ನಾಶವಾಗಿಯೇ ಹೋಗಿರುತ್ತವೆ, ಹಾಗಾಗಿ ಅವುಗಳಿಗೆ ಇನ್ಸುಲಿನ್ ಕೊನೆಯವರೆಗೂ ಬೇಕು. ಬೆಕ್ಕಿನಲ್ಲಿ ಹಲವು ಕೋಶಗಳು ಸತ್ತಿರುವುದಿಲ್ಲ. ರಕ್ತದಲ್ಲಿ ಏರಿದ ಸಕ್ಕರೆಯೇ ಅವುಗಳನ್ನು ಕುಗ್ಗಿಸಿರುತ್ತದೆ. ಸಕ್ಕರೆ ಬೇಗ ಇಳಿದರೆ ಕೆಲವು ಚೇತರಿಸಿಕೊಳ್ಳುತ್ತವೆ. ಬೆಕ್ಕಿನ ಚಿಕಿತ್ಸೆಯ ಭರವಸೆ ಇರುವುದು ಇಲ್ಲಿ, ಆರಂಭದ ವಾರಗಳಿಗೆ ಅಷ್ಟು ಬೆಲೆ ಬರುವುದೂ ಇದರಿಂದಲೇ. ಬ್ರಿಟನ್ನಿನ ಅಧ್ಯಯನಗಳು ಸುಮಾರು 200 ಸಾಕುಬೆಕ್ಕುಗಳಲ್ಲಿ ಒಂದಕ್ಕೆ ಈ ಕಾಯಿಲೆ ಇರುವುದನ್ನು ಕಂಡಿವೆ. ನಡುವಯಸ್ಸು ದಾಟಿದ, ಬೀಜ ತೆಗೆಸಿದ, ಮೈ ತುಂಬಿಕೊಂಡ ಗಂಡುಬೆಕ್ಕುಗಳಿಗೆ ಅಪಾಯ ಹೆಚ್ಚು. ತುರಿಕೆಗೋ ದಮ್ಮಿಗೋ ಪದೇಪದೇ ಸ್ಟಿರಾಯ್ಡ್ ಸೂಜಿ ಪಡೆದ ಬೆಕ್ಕುಗಳಿಗೂ ಅಷ್ಟೇ.

ನಮ್ಮ ಕಡೆ ಈ ಕಾಯಿಲೆ ತಡವಾಗಿ ಕಣ್ಣಿಗೆ ಬೀಳಲು ಒಂದು ಕಾರಣವಿದೆ. ಪಟ್ಟಣದ ಫ್ಲ್ಯಾಟಿನ ಬೆಕ್ಕು ಮರಳಿನ ತಟ್ಟೆಯಲ್ಲಿ ಉಚ್ಚೆ ಹೊಯ್ಯುತ್ತದೆ, ಮರಳು ದಿನಕ್ಕಿಂತ ಹೆಚ್ಚು ಒದ್ದೆಯಾದರೆ ಯಜಮಾನರಿಗೆ ಗೊತ್ತಾಗುತ್ತದೆ. ಸೈದಾಪುರದ ಬೆಕ್ಕು ಹಿತ್ತಲಿಗೋ ಹೊಲದ ಬದುವಿಗೋ ಹೋಗಿ ಬರುತ್ತದೆ, ಅದು ಎಷ್ಟು ಸಲ ಹೋಯಿತೆಂದು ಎಣಿಸುವವರಿಲ್ಲ. ಕಾಣುವ ಲಕ್ಷಣಗಳು ಬೇರೆ. ಎಂದೂ ನೀರಿನ ಹತ್ತಿರ ಸುಳಿಯದ ಬೆಕ್ಕು ಬಚ್ಚಲಲ್ಲಿ ಕೂತು ನೀರು ನೆಕ್ಕುತ್ತದೆ. ಎಷ್ಟು ತಿಂದರೂ ಬೆನ್ನೆಲುಬು ಕೈಗೆ ಸಿಗುತ್ತದೆ. ಮಾಳಿಗೆಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದದ್ದು ಹಿಂಗಾಲನ್ನು ಹಿಮ್ಮಡಿಯವರೆಗೆ ನೆಲಕ್ಕೆ ಊರಿ ನಡೆಯುತ್ತದೆ. ಈ ಕೊನೆಯದು ನರಗಳಿಗೆ ಪೆಟ್ಟು ಬಿದ್ದ ಗುರುತು.

ಇಷ್ಟು ಕಂಡೊಡನೆ ಮನೆಯ ಮಷಿನ್ನಿನಲ್ಲಿ ಒಂದು ಹನಿ ರಕ್ತ ನೋಡಿ ಶುಗರ್ ಎಂದು ತೀರ್ಮಾನಿಸಬಾರದು. ಮುದಿ ಬೆಕ್ಕಿನ ಬಾಯಾರಿಕೆ, ಸೊರಗುವಿಕೆ ಕಿಡ್ನಿಯ ಕಾಯಿಲೆಯಿಂದಲೂ ಥೈರಾಯ್ಡಿನಿಂದಲೂ ಬರುತ್ತವೆ. ಇನ್ನೊಂದು ತೊಡಕೆಂದರೆ, ಹೆದರಿದ ಬೆಕ್ಕಿನ ಸಕ್ಕರೆ ತಾನಾಗಿ ಏರುತ್ತದೆ. ಚೀಲದಲ್ಲಿ ಕಟ್ಟಿ, ಬೈಕಿನ ಮೇಲೆ ತಂದು, ನಾಯಿ ಬೊಗಳುವ ದವಾಖಾನೆಯಲ್ಲಿ ಇಳಿಸಿದ ಆರೋಗ್ಯವಂತ ಬೆಕ್ಕಿನಲ್ಲೂ 300 ಮಿಲಿಗ್ರಾಂ ಕಂಡರೆ ಅಚ್ಚರಿಯಿಲ್ಲ. ಅದಕ್ಕೇ ಉಚ್ಚೆಯಲ್ಲಿ ಸಕ್ಕರೆ ಇದೆಯೇ ಎಂದು ನೋಡುತ್ತಾರೆ, ಸಾಧ್ಯವಿದ್ದಲ್ಲಿ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಒಂದೆರಡು ವಾರಗಳಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತೆಂದು ಅದು ಹೇಳುತ್ತದೆ, ಒಂದು ಗಳಿಗೆಯ ಹೆದರಿಕೆ ಅದನ್ನು ಕೆಡಿಸದು. ಉಚ್ಚೆಯಲ್ಲಿ ಕೀಟೋನ್, ಅಂದರೆ ಮೈಯ ಕೊಬ್ಬು ಒಡೆದಾಗ ಹುಟ್ಟುವ ಆಮ್ಲ, ಇದೆಯೇ ಎಂಬುದನ್ನು ಅದೇ ಹೊತ್ತಿಗೆ ನೋಡಬೇಕು. ಕೀಟೋನ್ ಇದ್ದು ಬೆಕ್ಕು ತಿನ್ನದೆ, ವಾಂತಿ ಮಾಡುತ್ತಾ ಮಲಗಿದ್ದರೆ ಅದು ಮನೆಯಲ್ಲಿ ಸೂಜಿ ಕಲಿಯುವ ಹೊತ್ತಲ್ಲ. ಅದಕ್ಕೆ ಸಲೈನ್ ಬಾಟಲಿ ಏರಿಸಿ ಗಂಟೆಗಂಟೆಗೆ ನೋಡುವ ಆಸ್ಪತ್ರೆ ಬೇಕು. ದನ, ಎಮ್ಮೆ, ಕುರಿಗಳನ್ನು ನೋಡುವುದರಲ್ಲೇ ದಿನ ಕಳೆಯುವ ನಮ್ಮ ದನದ ದವಾಖಾನೆಯ ವೈದ್ಯರು ಅಂಥದ್ದನ್ನು ಬೀದರಿನ ಪಶುವೈದ್ಯಕೀಯ ಕಾಲೇಜಿಗೋ ಹೈದರಾಬಾದಿಗೋ ಕಳಿಸಿದರೆ ಕೈಚೆಲ್ಲಿದರೆಂದು ತಿಳಿಯಬಾರದು.

ಇನ್ನು ಇನ್ಸುಲಿನ್ನಿನ ಮಾತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿ ಮೊದಲು ಪರೀಕ್ಷಿಸಿದ್ದು ನಾಯಿಗಳ ಮೇಲೆ. 1922ರ ಜನವರಿಯಲ್ಲಿ ಅದು ಮನುಷ್ಯರಿಗೆ ಬಂತು. ದಶಕಗಳ ಕಾಲ ಜಗತ್ತಿನ ಮಧುಮೇಹಿಗಳು ಬದುಕಿದ್ದು ದನ ಮತ್ತು ಹಂದಿಯ ಗ್ರಂಥಿಯಿಂದ ತೆಗೆದ ಇನ್ಸುಲಿನ್ನಿನಿಂದ. ಬೆಕ್ಕಿನ ಇನ್ಸುಲಿನ್ ದನದ್ದಕ್ಕಿಂತ ಒಂದೇ ಒಂದು ಅಮೈನೋ ಆಮ್ಲದಲ್ಲಿ ಬೇರೆ, ಮನುಷ್ಯರದ್ದಕ್ಕಿಂತ ನಾಲ್ಕರಲ್ಲಿ. ಹಾಗಿದ್ದೂ ಮನುಷ್ಯರಿಗೆಂದು ತಯಾರಾದ ಇನ್ಸುಲಿನ್ ಬೆಕ್ಕಿನ ಮೈಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇದು ನಮ್ಮ ಅದೃಷ್ಟ. ಪರದೇಶಗಳಲ್ಲಿ ಬೆಕ್ಕಿಗೆಂದೇ ಪ್ರೋಟಮೈನ್ ಜಿಂಕ್ ಇನ್ಸುಲಿನ್ ಇದೆ, ಹಂದಿಯ ಲೆಂಟೆ ಇನ್ಸುಲಿನ್ ಇದೆ. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಕೈಗೆ ಸಿಗುವುದು ಮನುಷ್ಯರ ಗ್ಲಾರ್ಜಿನ್. ಅದನ್ನು ಬೆಂಗಳೂರಿನ ಬಯೋಕಾನ್ ಕಂಪನಿಯೇ 2009ರಲ್ಲಿ ಬಸಲಾಗ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಬೆಕ್ಕಿನ ವೈದ್ಯರು ಹೆಚ್ಚು ನೆಚ್ಚಿಕೊಂಡಿರುವ ಇನ್ಸುಲಿನ್‌ಗಳಲ್ಲಿ ಒಂದು ಕರ್ನಾಟಕದಲ್ಲೇ ತಯಾರಾಗುತ್ತಿರುವಾಗ ಔಷಧಿ ಸಿಗುವುದಿಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ.

ಆದರೆ ಮುತ್ಯಾನ ಬಾಟಲಿಯಲ್ಲಿರುವುದು ಗ್ಲಾರ್ಜಿನ್ನೇ? ನಮ್ಮಲ್ಲಿ ಬಹಳ ಜನ ಬಳಸುವುದು 30/70 ಎಂದು ಬರೆದ ಮಿಶ್ರಣ. ಅದರಲ್ಲಿ ಮೂವತ್ತು ಪಾಲು ಬೇಗ ಇಳಿಸುವ ಇನ್ಸುಲಿನ್, ಎಪ್ಪತ್ತು ಪಾಲು ಎನ್‌ಪಿಎಚ್ ಎಂಬ ನಿಧಾನದ ಇನ್ಸುಲಿನ್. ಬೆಕ್ಕಿನ ಮೈ ಎನ್‌ಪಿಎಚ್ಅನ್ನು ಬೇಗ ಕರಗಿಸಿಬಿಡುತ್ತದೆ, ಪರಿಣಾಮ ಹನ್ನೆರಡು ಗಂಟೆ ಬಾಳುವುದಿಲ್ಲ. ಸಕ್ಕರೆ ಮೊದಲ ತಾಸುಗಳಲ್ಲಿ ಧಡಕ್ಕನೆ ಬಿದ್ದು, ಸಂಜೆಯ ಸೂಜಿಗೆ ಮುಂಚೆ ಮತ್ತೆ ಮೇಲೇರಿ ಕೂತಿರುತ್ತದೆ. ಮಿಶ್ರಣದಲ್ಲಿ ಈ ಏರಿಳಿತ ಇನ್ನೂ ಕಡಿದು. ಆದ್ದರಿಂದ ಮುತ್ಯಾನ ಬಾಟಲಿ ಮುತ್ಯಾನಿಗೇ ಇರಲಿ. ಬೆಕ್ಕಿಗೆ ವೈದ್ಯರು ಚೀಟಿಯಲ್ಲಿ ಬರೆದದ್ದನ್ನೇ ತರಬೇಕು.

ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಅಪಾಯದ ಜಾಗ ಸಿರಿಂಜು. ಸೂಜಿ ಚುಚ್ಚುವ ಭಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ಭಾರತದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಗಟ್ಟಿತನದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಒಂದು ಮಿಲಿಲೀಟರಿಗೆ 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಕ್ಯಾಪು, 100ರ ಸಿರಿಂಜಿಗೆ ಕಿತ್ತಳೆ ಕ್ಯಾಪು. ಮನೆಯಲ್ಲಿ ಇರುವುದು ಕೆಂಪು, ಏಕೆಂದರೆ 30/70ರ ಬಾಟಲಿ ಸಾಮಾನ್ಯವಾಗಿ 40ರದ್ದು. ಬೆಕ್ಕಿಗೆ ತಂದ ಗ್ಲಾರ್ಜಿನ್ 100ರದ್ದು. ಕೆಂಪು ಸಿರಿಂಜಿನಲ್ಲಿ ಗ್ಲಾರ್ಜಿನ್ ತೆಗೆದು ಒಂದನೇ ಗೆರೆಗೆ ನಿಲ್ಲಿಸಿದರೆ ಒಳಗೆ ಬಂದಿರುವುದು 0.025 ಮಿಲಿಲೀಟರ್, ಅಂದರೆ ಎರಡೂವರೆ ಯೂನಿಟ್. ಎಂಬತ್ತು ಕಿಲೋ ತೂಗುವ ಮನುಷ್ಯನಿಗೆ ಒಂದೂವರೆ ಯೂನಿಟ್ ಹೆಚ್ಚಾದರೆ ತಿಳಿಯಲಿಕ್ಕಿಲ್ಲ. ನಾಲ್ಕು ಕಿಲೋದ ಬೆಕ್ಕು ಅದೇ ರಾತ್ರಿ ಸೆಳೆತ ಬಂದು ಸಾಯಬಹುದು. ಒಂದು ಯೂನಿಟ್ ಗ್ಲಾರ್ಜಿನ್ ಎಂದರೆ ಒಂದು ಹನಿಯ ಐದನೇ ಒಂದು ಪಾಲಿನಷ್ಟು ಮಾತ್ರ. ಸಿರಿಂಜಿನ ತುದಿಯಲ್ಲಿ ನಿಂತ ಗಾಳಿಗುಳ್ಳೆ ಕೂಡ ಅಷ್ಟೇ ದೊಡ್ಡದಿರುತ್ತದೆ. ಅದಕ್ಕೇ 100ರ ಸಿರಿಂಜಿನಲ್ಲೂ 0.3 ಮಿಲಿಲೀಟರಿನ ಚಿಕ್ಕದನ್ನು, ಅರ್ಧ ಯೂನಿಟ್ಟಿಗೂ ಗೆರೆಯಿರುವುದನ್ನು ಕೇಳಿ ತರಿಸಿಕೊಳ್ಳಬೇಕು. ಸೈದಾಪುರದಲ್ಲಿ ಇಲ್ಲದಿದ್ದರೆ ಯಾದಗಿರಿಯಿಂದಲೋ ರಾಯಚೂರಿನಿಂದಲೋ ತರಿಸಲಿ, ಎರಡು ದಿನ ತಡವಾದರೂ ಚಿಂತೆಯಿಲ್ಲ. ಒಂದು ಮಿಲಿಲೀಟರಿಗೆ 300 ಯೂನಿಟ್ ಗಟ್ಟಿತನದ ಗ್ಲಾರ್ಜಿನ್ ಪೆನ್ನುಗಳೂ ಬಂದಿವೆ. ಅವುಗಳಿಂದ ಸಿರಿಂಜಿಗೆ ಎಳೆಯುವುದು ಸರ್ವಥಾ ಕೂಡದು. ಬೆಕ್ಕಿನ ಸಾಮಾನನ್ನೆಲ್ಲ ಬೇರೆ ಡಬ್ಬಿಯಲ್ಲಿಟ್ಟು ಮುತ್ಯಾನ ಸಾಮಾನಿನಿಂದ ದೂರವಿಡುವುದು ಮುತ್ಯಾನಿಗೂ ಕ್ಷೇಮ.

ಪ್ರಮಾಣದ ಬಗ್ಗೆ ಪ್ರಮುಖ ಮಾರ್ಗಸೂಚಿಗಳಲ್ಲಿ ಹೆಚ್ಚು ಭಿನ್ನಮತವಿಲ್ಲ. ಬಹುತೇಕ ಬೆಕ್ಕುಗಳಿಗೆ ಒಂದು ಸಲಕ್ಕೆ ಒಂದು ಯೂನಿಟ್, ಹನ್ನೆರಡು ಗಂಟೆಗೊಮ್ಮೆ, ಇಲ್ಲಿಂದ ಶುರು. ಚಿಕ್ಕ ಬೆಕ್ಕಿಗೆ ಅರ್ಧ ಯೂನಿಟ್ಟೂ ಇರಬಹುದು. ಅದನ್ನು ತೂಕ, ಸಕ್ಕರೆಯ ಮಟ್ಟ, ಜೊತೆಗಿರುವ ಕಾಯಿಲೆ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮೊದಲ ದಿನ ಸಕ್ಕರೆ ಅಳೆಯುವುದು ಬಹಳ ಇಳಿಯಿತೇ ಎಂದು ನೋಡಲಿಕ್ಕೆ ಮಾತ್ರ. ಇಳಿದಿಲ್ಲ ಎಂದು ಮರುದಿನವೇ ಏರಿಸಬಾರದು. ಹೊಸ ಪ್ರಮಾಣ ನೆಲೆಗೊಳ್ಳಲು ಐದರಿಂದ ಏಳು ದಿನ ಬೇಕು. ನಾಲ್ಕು ದಿನವಾದರೂ ಬೆಕ್ಕು ನೀರು ಕುಡಿಯುವುದು ಕಡಿಮೆಯಾಗಲಿಲ್ಲವೆಂದು ಕಂಗಾಲಾಗುವ ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಈ ಚಿಕಿತ್ಸೆಯಲ್ಲಿ ಅವಸರದಷ್ಟು ಕೇಡು ಮಾಡುವುದು ಬೇರೆ ಇಲ್ಲ.

ಸೂಜಿ ಚುಚ್ಚುವುದು ಎಲ್ಲಕ್ಕಿಂತ ಸುಲಭದ ಕೆಲಸ. ಬೆಕ್ಕಿಗೆ ಮೊದಲು ತಿನ್ನಲು ಹಾಕಬೇಕು. ಅದು ತಿನ್ನುತ್ತಿರುವಾಗಲೇ ಪಕ್ಕೆಯ ಮೇಲೋ ಹೆಗಲ ಹಿಂದೆಯೋ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿದರೆ ಕೆಳಗೆ ಪುಟ್ಟ ಗುಡಾರದಂತೆ ಜಾಗವಾಗುತ್ತದೆ. ಸೂಜಿಯನ್ನು ಅದರೊಳಗೆ ತೂರಿಸಿ ಒತ್ತಬೇಕು. ಚರ್ಮದ ಇನ್ನೊಂದು ಬದಿಯಿಂದ ತುದಿ ಹೊರಬಂದರೆ ಔಷಧಿ ರೋಮಕ್ಕೆ ಹೋಗುತ್ತದೆ, ಕೈಗೆ ತಣ್ಣಗೆ ತೇವ ತಾಗುತ್ತದೆ, ಮೂಗಿಗೆ ಔಷಧಿಯ ವಾಸನೆ ಬರುತ್ತದೆ. ಹಾಗಾದಾಗ ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲವೆಂದು ಇನ್ನೊಂದು ಸಲ ಚುಚ್ಚಬಾರದು, ಮುಂದಿನ ಹೊತ್ತಿನವರೆಗೆ ಕಾಯಬೇಕು. ಒಂದು ಹೊತ್ತು ಸಕ್ಕರೆ ಏರಿದ್ದರೆ ಬೆಕ್ಕು ಸಾಯದು, ಇಳಿದರೆ ಸಾಯಬಹುದು. ಅನುಮಾನದ ಪ್ರತಿ ಗಳಿಗೆಯಲ್ಲೂ ಈ ಲೆಕ್ಕವನ್ನೇ ಹಿಡಿಯಬೇಕು. ತಿನ್ನಲು ಒಲ್ಲೆನೆಂದ ದಿನ, ವಾಂತಿ ಮಾಡಿಕೊಂಡ ದಿನ ಸೂಜಿಗೆ ಮುಂಚೆ ವೈದ್ಯರಿಗೆ ಫೋನು ಹೋಗಬೇಕು.

ಸಕ್ಕರೆ 60ರ ಆಸುಪಾಸಿಗೆ ಇಳಿದ ಬೆಕ್ಕು ತೂರಾಡುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೂಲೆ ಸೇರುತ್ತದೆ ಅಥವಾ ವಿಪರೀತ ಹಸಿದು ಕೂಗುತ್ತದೆ. ಕೊನೆಗೆ ಸೆಳೆತ ಬರುತ್ತದೆ. ಎಚ್ಚರವಿದ್ದರೆ ಕೂಡಲೇ ತಿನ್ನಿಸಬೇಕು. ಎಚ್ಚರ ತಪ್ಪುತ್ತಿದ್ದರೆ ಜೇನುತುಪ್ಪವನ್ನೋ ಗಟ್ಟಿ ಬೆಲ್ಲದ ನೀರನ್ನೋ ಬೆರಳಲ್ಲಿ ಅದ್ದಿ ಒಸಡಿಗೆ ತಿಕ್ಕಬೇಕು. ಬಾಯಿಗೆ ನೀರು ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಷ್ಟು ಮಾಡಿ ದವಾಖಾನೆಗೆ ಹೊರಡಬೇಕು. ಚೇತರಿಸಿಕೊಂಡಂತೆ ಕಂಡರೂ ಹೊರಡಬೇಕು, ಏಕೆಂದರೆ ಒಳಗಿನ ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಮನೆಯ ಶುಗರ್ ಮಷಿನ್ ಇಲ್ಲಿ ನಿಜವಾಗಿ ಉಪಕಾರಕ್ಕೆ ಬರುತ್ತದೆ. ಬೆಕ್ಕಿನ ಕಿವಿಯ ಅಂಚಿನಲ್ಲಿ ಸಣ್ಣ ರಕ್ತನಾಳವೊಂದು ಹಾದುಹೋಗುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಒತ್ತಿಟ್ಟು ಅಂಚಿಗೆ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ, ಅಷ್ಟು ಸಾಕು. ಆದರೆ ಮಷಿನ್ ಲೆಕ್ಕ ಹಾಕುವುದು ಮನುಷ್ಯರ ರಕ್ತದ ಅಂದಾಜಿನಲ್ಲಿ. ಮನುಷ್ಯರ ರಕ್ತದ ಸಕ್ಕರೆ ಕೆಂಪುಕಣಗಳಲ್ಲೂ ಸಾಕಷ್ಟು ಇರುತ್ತದೆ, ಬೆಕ್ಕಿನದು ಹೆಚ್ಚೂಕಡಿಮೆ ಎಲ್ಲವೂ ಪ್ಲಾಸ್ಮಾದಲ್ಲಿ. ಹೀಗಾಗಿ ಮನುಷ್ಯರ ಮಷಿನ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಯಾವ ಮಷಿನ್ನಿನಲ್ಲಿ ನೋಡಿದಿರೆಂದು ವೈದ್ಯರಿಗೆ ಹೇಳಿ, ಒಂದೇ ಮಷಿನ್ನನ್ನು ಬಳಸುತ್ತಿದ್ದರೆ ಈ ವ್ಯತ್ಯಾಸ ತೊಂದರೆ ಕೊಡದು. ಒಂದೆರಡು ವಾರದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಎರಡು ತಾಸಿಗೊಮ್ಮೆ ಅಳೆದು ಬರೆದ ಒಂದು ಹಾಳೆ, ದವಾಖಾನೆಯಲ್ಲಿ ಹೆದರಿದ ಬೆಕ್ಕಿನ ಮೇಲೆ ಮಾಡಿದ ಪರೀಕ್ಷೆಗಿಂತ ಹೆಚ್ಚು ನಂಬಿಕೆಗೆ ಅರ್ಹ. ಸಕ್ಕರೆ ಅಳೆಯಲು ಮನುಷ್ಯರು ತೋಳಿಗೆ ಅಂಟಿಸಿಕೊಳ್ಳುವ ಲಿಬ್ರೆ ಸೆನ್ಸರನ್ನು ರೋಮ ಬೋಳಿಸಿ ಬೆಕ್ಕಿಗೂ ಹಚ್ಚುತ್ತಾರೆ. ಹದಿನಾಲ್ಕು ದಿನ ಬಾಳಬೇಕಾದದ್ದು ಬೆಕ್ಕಿನ ಮೇಲೆ ಎಷ್ಟೋ ಸಲ ಬೇಗ ಕಳಚಿಬೀಳುತ್ತದೆ. ಖರ್ಚು ತಡೆಯುವವರಿಗೆ ಮೊದಲ ವಾರಗಳಲ್ಲಿ ಅದರಿಂದ ದೊಡ್ಡ ಅನುಕೂಲ.

ಇನ್ನು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಇನ್ಸುಲಿನ್ ಕಾಯ್ದುಕೊಳ್ಳುವುದೇ ಒಂದು ಚಾಕರಿ. ಅದು 2ರಿಂದ 8 ಡಿಗ್ರಿಯಲ್ಲಿರಬೇಕು. ಐಸಿನ ಖಾನೆಯಲ್ಲಿಟ್ಟು ಗಡ್ಡೆ ಕಟ್ಟಿದರೆ ಕೆಟ್ಟಿತು, ಫ್ರಿಜ್ಜಿನ ಬಾಗಿಲಲ್ಲಿಟ್ಟರೆ ತೆಗೆದಾಗೊಮ್ಮೆ ಬೆಚ್ಚಗಾಗುತ್ತದೆ, ನಡುವಿನ ಖಾನೆಯೇ ವಾಸಿ. ಕರೆಂಟು ತಾಸುಗಟ್ಟಲೆ ಹೋಗುವ ದಿನ ಬಾಗಿಲು ತೆರೆಯದಿರುವುದೇ ಉಪಾಯ. ಫ್ರಿಜ್ಜೇ ಇಲ್ಲದವರು ನೀರು ಹಾಕಿದ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಕುಡಿಕೆಯನ್ನಿಟ್ಟು, ಅದರಲ್ಲಿ ಬಾಟಲಿಯನ್ನು ಒದ್ದೆಯಾಗದಂತೆ ಇಡುವುದುಂಟು. ಒಣ ಬಿಸಿಲಿನಲ್ಲಿ ನೀರು ಆವಿಯಾಗುತ್ತಾ ಒಳಗೆ ಹಲವು ಡಿಗ್ರಿ ತಂಪಾಗುತ್ತದೆ, ಮಳೆಗಾಲದ ತೇವದ ಗಾಳಿಯಲ್ಲಿ ಅಷ್ಟು ಆಗದು. ಗ್ಲಾರ್ಜಿನ್ ತಿಳಿನೀರಿನಂತಿರಬೇಕು, ಮಬ್ಬಾದರೆ ಎಸೆಯಬೇಕು. ತೆರೆದ ಮೇಲೆ 28 ದಿನವೆಂದು ಕಂಪನಿ ಬರೆಯುತ್ತದೆ. 3 ಮಿಲಿಲೀಟರಿನ ಕಾರ್ಟ್ರಿಜ್ಜಿನಲ್ಲಿ 300 ಯೂನಿಟ್ ಇರುತ್ತದೆ, ದಿನಕ್ಕೆ ಎರಡು ಯೂನಿಟ್ಟಿನ ಬೆಕ್ಕು ಅಷ್ಟರಲ್ಲಿ 56 ಮುಗಿಸಿರುತ್ತದೆ. ಸದಾ ಫ್ರಿಜ್ಜಿನಲ್ಲೇ ಇದ್ದರೆ ಇನ್ನೂ ಹೆಚ್ಚು ದಿನ ಬಳಸಲು ಅನೇಕ ಪಶುವೈದ್ಯರು ಒಪ್ಪುತ್ತಾರೆ. ಬೇಸಿಗೆಯಲ್ಲಿ, ಕರೆಂಟಿನ ಭರವಸೆ ಇಲ್ಲದ ಮನೆಯಲ್ಲಿ, ನಾನು ಆ ಸಲಹೆ ಕೊಡಲಾರೆ.

ಊಟದ ವಿಷಯ ಸೂಕ್ಷ್ಮ. ಹಾಲು-ರೊಟ್ಟಿ, ಮಜ್ಜಿಗೆ-ಅನ್ನ ತಿಂದು ಬೆಳೆದ ಬೆಕ್ಕುಗಳೇ ನಮ್ಮಲ್ಲಿ ಹೆಚ್ಚು. ಇಲಿ ಹಿಡಿದು ತಿರುಗುವ ಬೆಕ್ಕಿಗೆ ಅದು ಹೊಂದಿಕೊಳ್ಳುತ್ತಿತ್ತು, ಪಡಸಾಲೆಯಲ್ಲೇ ಮಲಗುವ ಬೆಕ್ಕಿಗೆ ಹೊಂದುವುದಿಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಹಿಟ್ಟಿನಂಶ ಕಡಿಮೆಯಾದಷ್ಟೂ ಅದಕ್ಕೆ ಬೇಕಾಗುವ ಇನ್ಸುಲಿನ್ ಕಡಿಮೆಯಾಗುತ್ತದೆ. ಪೊಟ್ಟಣದ ಒಣ ಕಾಳಿನಲ್ಲೂ ಪಿಷ್ಟ ಸಾಕಷ್ಟಿರುತ್ತದೆ, ಪೌಚಿನ ಹಸಿ ಆಹಾರದಲ್ಲಿ ಕಡಿಮೆ. ಬೇಯಿಸಿದ ಕೋಳಿ, ಮೀನು, ಮೊಟ್ಟೆ ಒಳ್ಳೆಯದೇ, ಆದರೆ ಅಷ್ಟನ್ನೇ ತಿಂಗಳುಗಟ್ಟಲೆ ಹಾಕಿದರೆ ಬೇರೆ ಪೋಷಕಾಂಶಗಳ ಕೊರತೆಯಾಗುತ್ತದೆ. ಮೊಟ್ಟೆಯೂ ಒಳಬರದ ಮನೆಗಳಿವೆ, ಆ ಮನೆಗಳ ನೇಮವನ್ನು ನಾನು ಗೌರವಿಸುತ್ತೇನೆ. ಅಂಥವರು ಪೌಚಿನ ಆಹಾರವನ್ನು ಅಂಗಳದಲ್ಲಿ ಹಾಕುವುದೋ ಪಕ್ಕದ ಮನೆಯವರ ನೆರವು ಪಡೆಯುವುದೋ ಯೋಚಿಸಬೇಕು, ಏಕೆಂದರೆ ಹಾಲು-ರೊಟ್ಟಿಯ ಮೇಲೆ ಈ ಕಾಯಿಲೆ ಹತೋಟಿಗೆ ಬರುವುದು ಕಷ್ಟ. ಒಂದು ಎಚ್ಚರ: ಇನ್ಸುಲಿನ್ ಶುರುವಾದ ಮೇಲೆ ವೈದ್ಯರಿಗೆ ಹೇಳದೆ ರೊಟ್ಟಿ ಬಿಡಿಸಿ ಮಾಂಸಕ್ಕೆ ಹಚ್ಚಿದರೆ ನಿನ್ನೆಯವರೆಗೆ ಸರಿಯಿದ್ದ ಪ್ರಮಾಣವೇ ಇವತ್ತು ಅತಿಯಾಗುತ್ತದೆ.

ಸೂಜಿಯ ಬದಲು ಗುಳಿಗೆ ಆಗದೇ ಎಂದು ಕೇಳುವುದು ನ್ಯಾಯವೇ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಎಂಬ ಗುಳಿಗೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ದ್ರವಕ್ಕೆ ಬೆಕ್ಕಿನ ಮಧುಮೇಹಕ್ಕೆಂದೇ ಅನುಮತಿ ಸಿಕ್ಕಿದೆ. ಇವು ಸಕ್ಕರೆಯನ್ನು ಉಚ್ಚೆಯಲ್ಲಿ ಹೊರಗೆ ಕಳಿಸುತ್ತವೆ. ಒಳಗೆ ಒಂದಿಷ್ಟು ಇನ್ಸುಲಿನ್ ಉಳಿದಿರುವ ಬೆಕ್ಕಿಗೆ ಮಾತ್ರ ಇವು ಸಲ್ಲುತ್ತವೆ. ಉಳಿದವಕ್ಕೆ ಕೊಟ್ಟರೆ ರಕ್ತದ ಸಕ್ಕರೆ ಸರಿಯಿದ್ದಂತೆ ಕಾಣುತ್ತಲೇ ಕೀಟೋನ್ ಏರಿ ಪ್ರಾಣಾಪಾಯವಾಗುತ್ತದೆ. ಮುತ್ಯಾನ ಗುಳಿಗೆಯ ಹೆಸರೂ ‘ಗ್ಲಿಫ್ಲೋಜಿನ್’ ಎಂದೇ ಮುಗಿಯುತ್ತದೆಂದು ಅದನ್ನು ಮುರಿದು ಕೊಡಬಾರದು.

ಯಾದಗಿರಿ ಸೀಮೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಕು ಹರಿಯುವ ಮುಂಚೆ ಮನೆ ಖಾಲಿ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆ, ಮದುವೆ, ಸಾವು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಸೂಜಿ ಮಾಡುವವರು ಯಾರು ಎಂಬುದು ಇನ್ಸುಲಿನ್ ಯಾವುದು ಎಂಬುದಕ್ಕಿಂತ ಮೊದಲು ತೀರ್ಮಾನವಾಗಬೇಕು. ಒಬ್ಬರಲ್ಲ, ಇಬ್ಬರು ಕಲಿಯಬೇಕು. ಮುತ್ಯಾನಿಗೆ ಸೂಜಿ ಮಾಡಿ ಪಳಗಿದ ಕೈ ಇದ್ದರೆ ಅರ್ಧ ಕೆಲಸ ಆದಂತೆ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ದವಾಖಾನೆಗೆ ಮುಟ್ಟಿಸಬೇಕು, ಚಿಂದಿ ಆಯುವ ಮಕ್ಕಳ ಕೈಗೆ ಅದು ಚುಚ್ಚಬಾರದು. ಇಷ್ಟೆಲ್ಲ ತೂಗಿ ನೋಡಿ ನಮ್ಮಿಂದಾಗದು ಎಂದು ಒಂದು ಮನೆ ಹೇಳಿದರೆ ಅವರನ್ನು ಕಲ್ಲೆದೆಯವರೆನ್ನಲು ನನಗೆ ಮನಸ್ಸು ಬಾರದು. ಮನುಷ್ಯರ ಔಷಧಿಗೇ ದುಡ್ಡು ಹೊಂದಿಸುವ ಮನೆಗಳು ಇವು. ಆದರೆ ಆಗದು ಎನ್ನುವ ಮುಂಚೆ ಒಂದು ವಾರ ಪ್ರಯತ್ನಿಸಬೇಕು, ಏಕೆಂದರೆ ಎಂಟನೇ ದಿನಕ್ಕೆ ಸೂಜಿಯ ಭಯ ಬಹುತೇಕ ಎಲ್ಲರಲ್ಲೂ ಕರಗಿರುತ್ತದೆ.

ಪ್ರಯತ್ನಿಸಲು ಇನ್ನೊಂದು ಕಾರಣ, ಇನ್ಸುಲಿನ್ ನಿಲ್ಲುವ ಸಾಧ್ಯತೆ. 2009ರಲ್ಲಿ ಆಸ್ಟ್ರೇಲಿಯಾದ ಮಾರ್ಷಲ್, ರ‍್ಯಾಂಡ್, ಮಾರ್ಟನ್ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 24 ಬೆಕ್ಕುಗಳಿದ್ದವು. ಗ್ಲಾರ್ಜಿನ್ ಪಡೆದ ಎಂಟಕ್ಕೆ ಎಂಟೂ ಇನ್ಸುಲಿನ್ ಬಿಟ್ಟವು, ಪ್ರೋಟಮೈನ್ ಜಿಂಕ್ ಪಡೆದ ಎಂಟರಲ್ಲಿ ಮೂರು, ಲೆಂಟೆ ಪಡೆದ ಎಂಟರಲ್ಲಿ ಎರಡು. ಅದೇ ವರ್ಷ ರೂಂಪ್ ಮತ್ತು ರ‍್ಯಾಂಡ್ ಮನೆಯಲ್ಲೇ ಪದೇಪದೇ ಸಕ್ಕರೆ ಅಳೆಯುವ ಬಿಗಿ ಪದ್ಧತಿಯಲ್ಲಿ, ಪತ್ತೆಯಾದ ಆರು ತಿಂಗಳೊಳಗೆ ಶುರುಮಾಡಿದ ಬೆಕ್ಕುಗಳಲ್ಲಿ ಶೇ. 84ರಷ್ಟು ಇನ್ಸುಲಿನ್ ಇಲ್ಲದೆ ಬದುಕಿದವೆಂದು ವರದಿ ಮಾಡಿದರು. ತಡಮಾಡಿದವುಗಳಲ್ಲಿ ಆ ಪ್ರಮಾಣ ಬಹಳ ಕಡಿಮೆ. ಇವು ಸಣ್ಣ ಅಧ್ಯಯನಗಳು, ಭಾಗವಹಿಸಿದವರು ತುಂಬ ಮುತುವರ್ಜಿಯ ಯಜಮಾನರು. ಮುಂದೆ 2014ರಲ್ಲಿ ಎಲ್ಲ ವರದಿಗಳನ್ನು ಒಟ್ಟಿಗೆ ಪರಿಶೀಲಿಸಿದವರು ಸಾಕ್ಷ್ಯದ ಗುಣಮಟ್ಟ ಗಟ್ಟಿಯಿಲ್ಲವೆಂದೇ ಬರೆದರು. ಎಂಟಕ್ಕೆ ಎಂಟು ಎಂಬ ಅಂಕಿಯನ್ನು ಹಿಡಿದು ಸೈದಾಪುರದ ಮನೆಯೊಂದಕ್ಕೆ ಮಾತು ಕೊಡಲಾಗದು. ಬೇಗ ಶುರುಮಾಡಿದರೆ, ಊಟ ಬದಲಿಸಿದರೆ, ಹಲ್ಲಿನ ಸೋಂಕು, ಉಚ್ಚೆಯ ಸೋಂಕಿಗೆ ಚಿಕಿತ್ಸೆ ಕೊಡಿಸಿದರೆ, ಸ್ಟಿರಾಯ್ಡ್ ನಿಲ್ಲಿಸಿದರೆ ಅವಕಾಶ ಹೆಚ್ಚು ಎಂಬುದರಲ್ಲಿ ಮಾತ್ರ ಹೆಚ್ಚಿನ ತಜ್ಞರು ಒಮ್ಮತದಲ್ಲಿದ್ದಾರೆ. ಎಷ್ಟು ಏರಿಸಿದರೂ ಸಕ್ಕರೆ ಇಳಿಯದ ಬೆಕ್ಕುಗಳ ಕತೆ ಬೇರೆ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಮಧುಮೇಹಿ ಬೆಕ್ಕುಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ನಾಲ್ಕರಲ್ಲೊಂದರಲ್ಲಿ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇನ್ಸುಲಿನ್ನಿಗೆ ಅಡ್ಡಬರುವ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುತ್ತಿರುವ ಸುಳಿವು ಸಿಕ್ಕಿತು.

ಬೆಕ್ಕು ಇನ್ಸುಲಿನ್ ಬಿಡುವುದು ಒಂದೇ ದಿನದಲ್ಲಲ್ಲ. ಒಂದು ಯೂನಿಟ್ ಅರ್ಧವಾಗುತ್ತದೆ, ಅರ್ಧವೂ ಹೆಚ್ಚೆನಿಸುತ್ತದೆ. ಚೇತರಿಸಿಕೊಳ್ಳುತ್ತಿರುವ ಈ ತಿಂಗಳುಗಳಲ್ಲೇ ಸಕ್ಕರೆ ಕುಸಿಯುವ ಅಪಾಯ ಹೆಚ್ಚು, ಹಾಗಾಗಿ ಬೆಕ್ಕು ಚೆನ್ನಾಗಿದೆಯೆಂದು ಅಳೆಯುವುದನ್ನು ಬಿಡಬಾರದು. ಇನ್ಸುಲಿನ್ ನಿಂತ ಮೇಲೂ ಹಾಲು-ರೊಟ್ಟಿಗೆ ಮರಳಬಾರದು, ಮತ್ತೊಬ್ಬ ವೈದ್ಯರ ಬಳಿ ಹೋದಾಗ ಸ್ಟಿರಾಯ್ಡ್ ಬೇಡವೆಂದು ಮೊದಲೇ ಹೇಳಬೇಕು. ಹೀಗೆ ಬಿಟ್ಟ ಬೆಕ್ಕುಗಳಲ್ಲಿ ಒಂದು ಪಾಲಿಗೆ ಕಾಯಿಲೆ ಮರಳುತ್ತದೆ. ಬಚ್ಚಲಲ್ಲಿ ನೀರು ನೆಕ್ಕುವುದು ಮತ್ತೆ ಕಂಡ ವಾರವೇ ಕಿವಿಯಂಚಿನ ಒಂದು ಹನಿ ರಕ್ತ ನೋಡಿ ವೈದ್ಯರಿಗೆ ತಿಳಿಸಬೇಕು.